ನೀರು ಕುಡಿಯಲು ಅನುಮತಿ ಏಕೆ ಬೇಕು?

ಬೋಧನಾಭ್ಯಾಸದ ಮೂರನೆಯ ಪಾಠದ ದಿನ ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಸರ್, ನೀರ್ ಕುಡ್ದ್ ಬರ್ಲೇನ್ರಿ?’ ಎಂದ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಮೌಲ್ಯಮಾಪನ ಹಾಳೆ ಹಿಡಿದು ಕುಳಿತಿದ್ದರು. ‘ಗಂಟೆ ಹೊಡೆದ ಮೇಲೆ ಹೋಗು’ ಎಂದು ಕೂರಿಸಿದೆ. ‘ತರಗತಿ ನಿರ್ವಹಣೆ’ಗೆ ಒಳ್ಳೆಯ ಅಂಕ ಬಂತು. ಆದರೆ ಆ ಅಂಕ ನನಗೆ ಸಂತೋಷ ಕೊಡಲಿಲ್ಲ. ಅದೇ ಮಾತು ಕೇಳಿಸಿಕೊಂಡು ಕೂತು, ಐದನೆಯ ತರಗತಿಯಲ್ಲಿ ನಾನು ಮೈ ಕಾದು ಕುಸಿದು ಬಿದ್ದಿದ್ದೆ.

ನನಗೆ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಅಪರೂಪದ ಆನುವಂಶಿಕ ತೊಂದರೆಯಿದೆ. ಭ್ರೂಣದ ಹೊರಪದರದಿಂದ ಬೆಳೆಯುವ ಚರ್ಮ, ಕೂದಲು, ಹಲ್ಲು, ಬೆವರಿನ ಗ್ರಂಥಿಗಳು ಇದರಲ್ಲಿ ಸರಿಯಾಗಿ ರೂಪುಗೊಳ್ಳುವುದಿಲ್ಲ. ಹಲವು ಬಗೆಗಳಲ್ಲಿ ನನ್ನದು ಬೆವರು ಬಾರದ ಬಗೆ. ಎಕ್ಸ್ ವರ್ಣತಂತುವಿನ ಮೂಲಕ ಬರುವಂಥದ್ದು. ತಾಯಿ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೂ ಬರುವ ಸಾಧ್ಯತೆ ಶೇ. 50. ನನ್ನ ಸೋದರಮಾವನಿಗೂ ಇತ್ತು. ಸಿಂಧ್ ಪ್ರಾಂತ್ಯದ ಒಂದೇ ಕುಟುಂಬದ ನಾಲ್ಕು ತಲೆಮಾರುಗಳಲ್ಲಿ 10 ಗಂಡಸರಿಗೆ ಹಲ್ಲು, ಕೂದಲು ಕಡಿಮೆಯಿದ್ದು, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟಪಡುತ್ತಿದ್ದುದನ್ನು ಚಾರ್ಲ್ಸ್ ಡಾರ್ವಿನ್ 1875ರಲ್ಲೇ ದಾಖಲಿಸಿದ್ದಾನೆ. ಇದು ಅಂಟುವುದಿಲ್ಲ. ಬಹುಪಾಲು ಮಕ್ಕಳ ಬುದ್ಧಿಶಕ್ತಿಗೆ ಇದರಿಂದ ಕುಂದೂ ಇಲ್ಲ.

ಇದನ್ನು ಪೂರ್ತಿ ವಾಸಿಮಾಡಲಾಗದು, ನಿಭಾಯಿಸಬಹುದು. ರಾಯಚೂರಿನ ಬಿಸಿಲಿನಲ್ಲಿ ಅವ್ವ ನನ್ನ ಒಳಅಂಗಿಯನ್ನು ನೀರಿನಲ್ಲಿ ಹಿಂಡಿ ತೊಡಿಸಿ ಶಾಲೆಗೆ ಕಳಿಸುತ್ತಿದ್ದಳು. ಬೆವರಿನ ಕೆಲಸವನ್ನು ಒದ್ದೆ ಬಟ್ಟೆ ಮಾಡುತ್ತದೆ. ಮಣ್ಣಿನ ಗಡಿಗೆಯ ಉದಾಹರಣೆ ಕೊಟ್ಟು ನಾವು ಕಲಿಸುವ ಆವಿಯಾಗುವಿಕೆಯ ಪಾಠವೇ ಅದು. ದವಡೆ ಬೆಳೆದಂತೆ ಕಟ್ಟಿಸಿದ ಹಲ್ಲಿನ ಸೆಟ್ ಬದಲಾಯಿಸಬೇಕಾಯಿತು. ಕಣ್ಣಿಗೆ ಹನಿ ಔಷಧ ಈಗಲೂ ಬೇಕು.

ಮನೆಯಲ್ಲಿ ಇಷ್ಟೆಲ್ಲ ಆಗುತ್ತಿದ್ದರೂ ಶಾಲೆಯಲ್ಲಿ ಮಧ್ಯಾಹ್ನದ ಆಟದ ಅವಧಿ, ಬಿಸಿಲಲ್ಲಿ ನಿಲ್ಲಿಸುವ ಶಿಕ್ಷೆ ನನಗೆ ಅಪಾಯವೇ ಆಗಿದ್ದವು. ಏಳನೆಯ ತರಗತಿಯ ಮೇಷ್ಟ್ರೊಬ್ಬರು ಮಾತ್ರ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ‘ನೀರಿಗೆ ಹೋಗಾಕ ನನ್ನ ಕೇಳಬ್ಯಾಡ’ ಎಂದರು. ಅವರಿಗೆ ಈ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಮಗುವಿನ ಕೆಂಪಾದ ಮುಖ ಕಂಡಿತ್ತು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿಮಾಡಿರುವ 21 ಬಗೆಗಳಲ್ಲಿ ಇದರ ಹೆಸರಿಲ್ಲ. ಹಾಗಾಗಿ ಶಾಲೆಯ ದಾಖಲೆಯಲ್ಲಿ ಇಂಥ ಮಗುವಿನ ಮುಂದಿನ ಅಂಕಣ ಖಾಲಿ ಉಳಿಯಬಹುದು. ಪ್ರಶಿಕ್ಷಣಾರ್ಥಿಗಳು ಎಲ್ಲ ಅಪರೂಪದ ಕಾಯಿಲೆಗಳನ್ನೂ ಬಾಯಿಪಾಠ ಮಾಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ಕ್ಕೆ ಜಾಗವಿದೆ. ಅದರ ಕೆಳಗೆ ‘ಮಕ್ಕಳ ದೈಹಿಕ ಅಗತ್ಯಗಳು’ ಎಂಬ ಒಂದು ಸಾಲು ಇರಲಿ. ಮೊದಲ ಪಾಠಕ್ಕೆ ಮುನ್ನ ತರಗತಿ ಶಿಕ್ಷಕರನ್ನು ಖಾಸಗಿಯಾಗಿ ಕೇಳಿ ಅದನ್ನು ತುಂಬೋಣ. ಮಗುವನ್ನು ಎಲ್ಲರೆದುರು ಎಬ್ಬಿಸಿ, ‘ನಿನ್ನ ಹಲ್ಲು ಯಾಕೆ ಹೀಗೆ?’ ಎಂದು ಕೇಳುವುದು ಬೇಡ. ವೀಕ್ಷಕರಾಗಿ ಬರುವ ಉಪನ್ಯಾಸಕರಲ್ಲಿ ಒಂದು ವಿನಂತಿ: ನೀರಿಗೆ ಎದ್ದು ಹೋದ ಮಗುವನ್ನು ನಮ್ಮ ಅಶಿಸ್ತಿನ ಲೆಕ್ಕಕ್ಕೆ ಸೇರಿಸಬೇಡಿ.

‘ಒಬ್ಬನಿಗೆ ಬಿಟ್ಟರೆ ಎಲ್ಲರೂ ಏಳುತ್ತಾರೆ’ ಎಂದು ಸಹಪಾಠಿಗಳು ಹೇಳಿದರು. ನಾಲ್ಕನೆಯ ಪಾಠದಿಂದ ನಾನು ಎಲ್ಲರಿಗೂ ಬಿಟ್ಟೆ. ಮೊದಲ ದಿನ ಅರ್ಧ ತರಗತಿಯೇ ಎದ್ದಿತು. ವಾರ ಕಳೆಯುವಷ್ಟರಲ್ಲಿ ಒಬ್ಬಿಬ್ಬರು ಮಾತ್ರ ಏಳುತ್ತಿದ್ದರು, ಪಾಠವೂ ನಿಲ್ಲಲಿಲ್ಲ. ‘ಶಿಸ್ತಿನ ಕಡೆ ಗಮನವಿರಲಿ’ ಎಂಬ ಷರಾ ನನ್ನ ಹಾಳೆಯಲ್ಲಿ ಬಿತ್ತು, ನಿಜ.

ಅಂದು ನಾನು ಕೂರಿಸಿದ ಹುಡುಗನಿಗೆ ನನ್ನ ಕಾಯಿಲೆ ಇರಲಿಲ್ಲ. ಬಾಯಾರಿತ್ತು, ಅಷ್ಟೆ. ಅಷ್ಟು ಕಾರಣ ಸಾಕಿತ್ತು.