ತಪ್ಪೆಲ್ಲ ಮಿರ್ಚಿದಲ್ಲ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಇಲ್ಲಿಗೆ ಓದೋಕೆ ಬಂದ ನಮಗೊಂದು ಅಭ್ಯಾಸ ಇದೆ. ಊರಲ್ಲಿ ಯಾರಿಗಾದ್ರೂ ಹಾರ್ಟ್ ಅಟ್ಯಾಕ್ ಆತು ಅಂದ್ರೆ ಮೊದಲು ಬೈಯೋದು ಒಗ್ಗರಣಿ-ಮಿರ್ಚಿಯನ್ನ. ಹೊಲದಲ್ಲಿ ದುಡಿಯೋ ತೆಳ್ಳಗಿನ ಮನುಷ್ಯ ನಲವತ್ತಕ್ಕೇ ಹೋದರೆ 'ಹಣೇಬರಹ' ಅಂತ ಸುಮ್ಮನಾಗ್ತೀವಿ. ಎಷ್ಟೋ ಸಲ ಆ ಹಣೇಬರಹ ರಕ್ತಪರೀಕ್ಷೆಯಲ್ಲೇ ಕಾಣುತ್ತೆ ಅನ್ನೋದು ನಮ್ಮ ವಾದ.

ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಲ್‌ಡಿಎಲ್ ಅನ್ನು ರಕ್ತದಿಂದ ಎಳೆದುಕೊಳ್ಳೋದು ಲಿವರ್ ಕೋಶಗಳ ಮೇಲಿನ ರಿಸೆಪ್ಟರ್‌ಗಳು. ಇದನ್ನು ಕಂಡುಹಿಡಿದ ಬ್ರೌನ್, ಗೋಲ್ಡ್‌ಸ್ಟೀನ್ ಇಬ್ಬರಿಗೂ 1985ರಲ್ಲಿ ನೊಬೆಲ್ ಬಂತು. ಆ ಜೀನ್‌ನಲ್ಲೇ ದೋಷ ಇದ್ದರೆ, ಊಟ ಎಷ್ಟೇ ಸರಿ ಇರಲಿ, ಎಲ್‌ಡಿಎಲ್ ಹುಟ್ಟಿನಿಂದಲೇ ಏರಿರುತ್ತೆ. ಜಗತ್ತಿನಲ್ಲಿ ಸುಮಾರು 250–300 ಜನರಲ್ಲಿ ಒಬ್ಬರಿಗೆ ಇದು ಇದೆ. (ಕಂಪ್ಯೂಟರ್ ಸೈನ್ಸ್‌ನವರೇ, ಇದೂ ಇನ್ಹೆರಿಟೆನ್ಸೇ. ಪೇರೆಂಟ್ ಕ್ಲಾಸಿನ ಬಗ್ ಸಮೇತ ಬರುತ್ತೆ.)

ಅಪ್ಪ-ಅವ್ವ ಇಬ್ಬರಲ್ಲೂ ದೋಷ ಇದ್ದರೆ, ಎರಡೂ ಕಡೆಯದು ಮಗುವಿಗೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡೋದು ನಮ್ಮ ಕಡೆ ಇನ್ನೂ ಇದೆ. ಒಂದೇ ಮನೆತನದ ದೋಷ ಬಂದು ಕೂಡೋದು ಇಂಥಲ್ಲೇ. ಅಂಥ ಮಕ್ಕಳ ಮೊಣಕೈ, ಮೊಣಕಾಲ ಮೇಲೆ ಹಳದಿ ಗಂಟು ಏಳ್ತವೆ. ಒಳಗೆ ಮಹಾಪಧಮನಿಯ ಕವಾಟದಲ್ಲೂ ಕೊಲೆಸ್ಟ್ರಾಲ್ ಕೂರುತ್ತೆ. ಅದನ್ನು ತಿನ್ನೋಕೆ ಬಂದ ಬಿಳಿ ರಕ್ತಕಣಗಳು ತುಂಬಿ ಅಲ್ಲೇ ಉಳಿದು, ಉರಿಯೂತ ಆರೋದೇ ಇಲ್ಲ. ಕವಾಟ ದಪ್ಪಾಗಿ, ಸುಣ್ಣ ಕಟ್ಟಿ, ಪೂರ್ತಿ ತೆರೆಯಲ್ಲ. ನಮ್ಮೂರ ಬೋರ್‌ವೆಲ್ ನೀರಿನ ವಾಲ್ವ್ ಬಿಚ್ಚಿ ನೋಡಿದವರಿಗೆ ಬೇರೆ ಚಿತ್ರ ಬೇಕಿಲ್ಲ. ಒಮ್ಮೆ ಕಟ್ಟಿದ ಸುಣ್ಣ ಮಾತ್ರೆಗೆ ಕರಗಲ್ಲ, ಅದಕ್ಕೇ ಬೇಗ ಗೊತ್ತಾಗಬೇಕು.

2021ರ ಅಕ್ಟೋಬರ್ 29ರಂದು ಅಪ್ಪು 46ಕ್ಕೇ ಹೋದ ಮೇಲೆ ಸರ್ಕಾರ ಅವರ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ, ಬೇಕಾದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್, ಎಲ್ಲಾ ಉಚಿತ. ಭಾಳ ಒಳ್ಳೇದು. ಆದರೆ ಅದು ಎದೆನೋವು ಬಂದ ಮೇಲಿನ ಮಾತು.

ನಮ್ಮ ಕ್ಯಾಂಪಸ್ಸಿನ ಹೆಲ್ತ್ ಕ್ಯಾಂಪಲ್ಲಿ ಬಿಪಿ, ಶುಗರ್ ನೋಡಿ ಕಳಿಸ್ತಾರೆ. ಲಿಪಿಡ್ ಪ್ರೊಫೈಲ್ ಕೂಡ ಸೇರಿಸಿ ಅಂತ ನಾವೇ ಕೇಳಬೇಕು. ಎಲ್‌ಡಿಎಲ್ 190 ದಾಟಿದರೆ ಡಾಕ್ಟರ್ ಹತ್ರ ಹೋಗಬೇಕು, ತಮ್ಮ-ತಂಗಿಯರನ್ನೂ ಪರೀಕ್ಷೆ ಮಾಡಿಸಬೇಕು. ಸ್ಟ್ಯಾಟಿನ್ ಮಾತ್ರೆ ದುಬಾರಿಯೇನಲ್ಲ, ಜನೌಷಧಿ ಅಂಗಡಿಯಲ್ಲೂ ಸಿಗುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಕೇಳಿ, ನಮ್ಮ ಮನ್ಯಾಗ 55ರ ಒಳಗ ಹಾರ್ಟ್ ಫೇಲಾಗಿ ಹೋದವರು ಯಾರ‍್ಯಾರು ಅಂತ. 'ಈಗ್ಯಾಕಪ ಅದೆಲ್ಲಾ' ಅಂತಾಳೆ ಅವ್ವ. ಆದ್ರೂ ಕೇಳಿ.