ಹುತ್ತದ ತೇವ ಗಾಜಿನ ಪೆಟ್ಟಿಗೆಗೆ ತಾನಾಗಿ ಬರುವುದಿಲ್ಲ

ಹೊಲದ ಬದುವಿನಲ್ಲೋ ಬೇಲಿ ಸಂದಿಯಲ್ಲೋ ಹಾವಿನ ಪೊರೆ ಸಿಕ್ಕರೆ ಒಮ್ಮೆ ಗಮನಿಸಿ ನೋಡಿ. ಹಾವು ಆರೋಗ್ಯವಾಗಿದ್ದರೆ ಪೊರೆ ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ, ಕಾಲುಚೀಲ ಕಳಚಿದ ಹಾಗೆ ಒಳಮೈ ಹೊರಗಾಗಿ ಬಂದಿರುತ್ತದೆ. ಕಣ್ಣಿದ್ದ ಜಾಗದಲ್ಲಿ ಗಾಜಿನಂಥ ಎರಡು ಪುಟ್ಟ ಬಿಲ್ಲೆಗಳೂ ಇರುತ್ತವೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣನ್ನು ಕಾಯುವ ಆ ಬಿಲ್ಲೆಯೂ ಪೊರೆಯ ಜೊತೆಗೇ ಕಳಚಬೇಕು.

ಈಗ ಮೊಬೈಲಿನಲ್ಲಿ ಬರುವ ಸಾಕುಹಾವಿನ ವಿಡಿಯೊಗಳನ್ನು ನೆನಪಿಸಿಕೊಳ್ಳಿ. ಚಂದದ ಗಾಜಿನ ಪೆಟ್ಟಿಗೆ, ಮೇಲೆ ದೀಪ, ಒಳಗೆ ಸುರುಳಿ ಸುತ್ತಿದ ಹಾವು. ಕೆಲವು ಹಾವುಗಳ ಮೈಮೇಲೆ ಪೊರೆ ಚೂರುಚೂರಾಗಿ ಅಂಟಿಕೊಂಡಿರುವುದು ಕಾಣುತ್ತದೆ. ನೋಡುವವರು ಅದನ್ನು ಬಣ್ಣ ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಪೆಟ್ಟಿಗೆಯ ಗಾಳಿ ಒಣಗಿದೆ ಎಂಬುದರ ಗುರುತು.

ನಮ್ಮ ಅಭಿಪ್ರಾಯ ಇಷ್ಟೇ: ಗಾಳಿಯ ತೇವಾಂಶವನ್ನು ದಿನವೂ ಅಳೆದು, ಸರಿಪಡಿಸಿ ನೋಡಿಕೊಳ್ಳಲು ಆಗದವರು ಗಾಜಿನ ಪೆಟ್ಟಿಗೆಯಲ್ಲಿ ಹಾವು ಇಡಬಾರದು. ಹಳ್ಳಿಯ ಓದುಗರಿಗೆ ಇದನ್ನು ಯಾಕೆ ಹೇಳುತ್ತಿದ್ದೇವೆ ಎಂದರೆ, ಈ ವಿಡಿಯೊ ನೋಡಿ ಆಸೆಪಡುವ ಹುಡುಗರು ನಮ್ಮೂರುಗಳಲ್ಲೂ ಇದ್ದಾರೆ. ಪಟ್ಟಣದ ಮನೆಗಳಲ್ಲಿ ಕೆಲಸಕ್ಕಿರುವವರಿಗೆ ಮಾಲೀಕರು ಊರಿಗೆ ಹೊರಡುವಾಗ "ದಿನಾ ಒಂಚೂರು ನೀರು ಹೊಡಿ, ಸಾಕು" ಎಂದು ಹಾವಿನ ಜವಾಬ್ದಾರಿಯನ್ನೂ ವಹಿಸಿ ಹೋಗಬಹುದು. ಅಷ್ಟು ಸಾಕಾಗುವುದಿಲ್ಲ.

ಸಾಕುಹಾವುಗಳಲ್ಲಿ ಹೆಚ್ಚು ಕಾಣುವುದು ಬಾಲ್ ಪೈಥಾನ್. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಆ ಹೆಸರು. ಇದು ಘಾನಾ, ಟೋಗೊ, ಬೆನಿನ್‌ನಂಥ ಆಫ್ರಿಕಾ ದೇಶಗಳ ಹಾವು. ಅಲ್ಲಿ ಹಗಲು ಹೊತ್ತು ಇಲಿಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಅಡಗಿರುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ನೆಲದೊಳಗೆ ತಂಪು, ತೇವ ಎರಡೂ ಇರುತ್ತವೆ. ಗೆದ್ದಲಿಗೆ ಒಣಗಾಳಿ ಆಗಿಬರುವುದಿಲ್ಲವಾದ್ದರಿಂದ ಹುತ್ತದ ಒಳಗನ್ನು ಅದು ಯಾವಾಗಲೂ ತೇವವಾಗಿ ಇಟ್ಟುಕೊಳ್ಳುತ್ತದೆ. ಗೆದ್ದಲು ಕಟ್ಟಿದ್ದು ಹಾವಿಗೆ ಮನೆಯಾಯಿತು ಎನ್ನುತ್ತಾರಲ್ಲ, ಅದರಲ್ಲಿ ಈ ತೇವದ ಲಾಭವೂ ಸೇರಿದೆ.

ಗಾಜಿನ ಪೆಟ್ಟಿಗೆಯಲ್ಲಿ ಈ ಕೆಲಸ ಮಾಡುವ ಗೆದ್ದಲಿಲ್ಲ. ಮೇಲೆ ಜಾಲರಿ ಇದ್ದರೆ ತೇವ ಅಲ್ಲಿಂದಲೇ ಹೊರಹೋಗುತ್ತದೆ. ಶಾಖದ ದೀಪ ಅದನ್ನು ಇನ್ನಷ್ಟು ಒಣಗಿಸುತ್ತದೆ. ಗಾಳಿ ಬಿಸಿಯಾದಷ್ಟೂ ಅದು ಹಿಡಿಯಬಲ್ಲ ನೀರು ಹೆಚ್ಚು. ಹಾಗಾಗಿ ಅದೇ ಗಾಳಿಯನ್ನು ಕಾಯಿಸಿದರೆ, ಇದ್ದ ನೀರು ಅಷ್ಟೇ ಇದ್ದರೂ ತೇವಾಂಶದ ಲೆಕ್ಕ ಇಳಿಯುತ್ತದೆ. ಕೋಣೆಗೆ ಎಸಿ ಇದ್ದರಂತೂ ಒಣಗುವುದು ಇನ್ನೂ ಬೇಗ.

ಬಾಲ್ ಪೈಥಾನ್‌ಗೆ ಬೇಕಾದ್ದು ಸುಮಾರು ಶೇ 60ರಿಂದ 80ರಷ್ಟು ತೇವಾಂಶ. ಕಣ್ಣು ಹಾಲುಬಣ್ಣಕ್ಕೆ ತಿರುಗಿ ಮೈ ಮಂಕಾದರೆ ಪೊರೆ ಬಿಡುವ ಕಾಲ ಬಂತೆಂದು ಅರ್ಥ. ಆಗ ತೇವಾಂಶ ಮೇಲಿನ ಅಂಚಿನಲ್ಲೇ ಇರಬೇಕು. ಕಡಿಮೆಯಾದರೆ ಪೊರೆ ಹರಿದು ಅಂಟಿಕೊಳ್ಳುತ್ತದೆ. ಬಾಲದ ತುದಿಯಲ್ಲಿ ಉಳಿದ ಪೊರೆ ದಾರ ಬಿಗಿದ ಹಾಗೆ ಬಿಗಿದು, ರಕ್ತ ಓಡದೆ ತುದಿ ಸತ್ತು ಉದುರಬಹುದು. ಕಣ್ಣಿನ ಮೇಲೆ ಉಳಿದ ಬಿಲ್ಲೆಯನ್ನು ಕೀಳಹೋದರೆ ಕಣ್ಣೇ ಹಾಳಾಗಬಹುದು. ಅದು ಪಶುವೈದ್ಯರು ಮಾಡಬೇಕಾದ ಕೆಲಸ.

ಹಾಗೆಂದು ನೀರು ಸುರಿಯುತ್ತಾ ಹೋಗುವುದೂ ತಪ್ಪು. ಒದ್ದೆ ನೆಲದ ಮೇಲೆ ಸದಾ ಮಲಗಿದ ಹಾವಿನ ಹೊಟ್ಟೆಯಡಿ ಗುಳ್ಳೆ ಎದ್ದು ಚರ್ಮ ಕೊಳೆಯುತ್ತದೆ. ಗಾಳಿಯಾಡದ, ತಣ್ಣಗಿನ, ಒದ್ದೆ ಪೆಟ್ಟಿಗೆಯಲ್ಲಿ ಶ್ವಾಸಕೋಶದ ಸೋಂಕು ಬರುತ್ತದೆ. ಬಾಯಿ ತೆರೆದು ಉಸಿರಾಡುವುದು, ಉಸಿರಲ್ಲಿ ಶಬ್ದ, ಬಾಯಂಚಿನಲ್ಲಿ ಗುಳ್ಳೆಗುಳ್ಳೆ ಜೊಲ್ಲು ಇದರ ಲಕ್ಷಣ. ಗಾಳಿಯಲ್ಲಿ ತೇವ ಇರಬೇಕು, ಹಾವು ಮಲಗುವ ಜಾಗ ಒದ್ದೆ ಇರಬಾರದು. ಇಡೀ ಲೆಕ್ಕ ನಿಂತಿರುವುದು ಈ ಮಾತಿನ ಮೇಲೆ.

ದಾರಿಗಳು ಕಷ್ಟದವಲ್ಲ. ತೆಂಗಿನ ನಾರಿನ ಪುಡಿಯನ್ನು ನಾಲ್ಕೈದು ಬೆರಳು ದಪ್ಪ ಹಾಸಿ, ಮೂಲೆಗಳಲ್ಲಿ ನೀರು ಬಿಟ್ಟರೆ ಅಡಿಯ ಪದರ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮೇಲ್ಪದರ ಒಣಗಿಯೇ ಇರುತ್ತದೆ. ನೀರಿನ ಬಟ್ಟಲು ಅಗಲವಾಗಿರಲಿ. ಜಾಲರಿಯ ಒಂದಿಷ್ಟು ಭಾಗ ಮುಚ್ಚಿ, ಗಾಳಿಯಾಡಲು ಉಳಿದದ್ದನ್ನು ತೆರೆದಿಡಿ. ಶಾಖದ ದೀಪದ ಹತ್ತಿರ ಮಾತ್ರ ಏನನ್ನೂ ಮುಚ್ಚಬೇಡಿ. ಹಾವು ಅಡಗುವ ಒಂದು ಡಬ್ಬಿಯಲ್ಲಿ ಹಿಂಡಿದ ಪಾಚಿ ಇಟ್ಟರೆ ಪೊರೆ ಬಿಡುವಾಗ ಅದೇ ಅದರ ಹುತ್ತವಾಗುತ್ತದೆ. ಬರೀ ಸ್ಪ್ರೇ ಹೊಡೆದರೆ ಗಾಜು ಮಬ್ಬಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಂತೆ ಒಣಗುತ್ತದೆ.

ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಪೆಟ್ಟಿಗೆಯ ಬಿಸಿ ಬದಿಗೊಂದು, ತಂಪು ಬದಿಗೊಂದು ಡಿಜಿಟಲ್ ಹೈಗ್ರೋಮೀಟರ್ ಬೇಕು. ಮೀಟರ್ ಸರಿಯಿದೆಯೋ ಎಂದು ಅಡುಗೆ ಉಪ್ಪಿನಿಂದಲೇ ಪರೀಕ್ಷಿಸಬಹುದು. ಒಂದು ಮುಚ್ಚಳ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಮುದ್ದೆಯಂತೆ ಮಾಡಿ, ಮೀಟರಿನ ಜೊತೆ ಬಿಗಿ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಶೇ 75ರ ಆಸುಪಾಸು ತೋರಿಸಬೇಕು. ಹೆಚ್ಚು ಕಡಿಮೆ ಇದ್ದರೆ ಎಷ್ಟು ವ್ಯತ್ಯಾಸ ಎಂದು ಗುರುತು ಹಾಕಿಕೊಳ್ಳಿ.

ವಿದೇಶಿ ವಿಡಿಯೊಗಳ ಸಲಹೆಯನ್ನು ಹಾಗೆಯೇ ಅನುಸರಿಸುವುದಕ್ಕೂ ನಮ್ಮ ವಿರೋಧವಿದೆ. ಚಳಿದೇಶದಲ್ಲಿ ಹೀಟರ್ ಹಾಕಿ ಒಣಗಿದ ಮನೆಗೆ ಹೇಳಿದ ಮಾತು ಅದು. ಆಷಾಢದ ಮಳೆಯಲ್ಲಿ ಬಟ್ಟೆಯೇ ಒಣಗದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅದನ್ನೇ ಮಾಡಿದರೆ ಪೆಟ್ಟಿಗೆ ಬೂಸ್ಟು ಹಿಡಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಕಲಬುರಗಿ, ರಾಯಚೂರಿನಲ್ಲಿ ಅಷ್ಟು ನೀರು ಎಲ್ಲಿಗೂ ಸಾಲುವುದಿಲ್ಲ. ಮೊದಲು ಅಳೆಯಿರಿ, ಆಮೇಲೆ ನೀರು ಹಾಕಿ.

ಈ ಕೆಲಸ ಒಂದೆರಡು ತಿಂಗಳದ್ದಲ್ಲ. ಚೆನ್ನಾಗಿ ನೋಡಿಕೊಂಡರೆ ಬಾಲ್ ಪೈಥಾನ್ 20ರಿಂದ 30 ವರ್ಷ ಬದುಕುತ್ತದೆ. ಈಗ ಪಿಯುಸಿ ಓದುವ ಹುಡುಗ ತಂದರೆ, ಅವನ ಮಕ್ಕಳು ಪಿಯುಸಿಗೆ ಬರುವ ಹೊತ್ತಿಗೂ ಮೀಟರ್ ನೋಡುತ್ತಿರಬೇಕು. ಕಾನೂನೂ ಇದೆ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ವಿದೇಶಿ ಹಾವನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ನಮ್ಮದೇ ನಾಗರ, ಕೇರೆ, ಹೆಬ್ಬಾವು, ಎರಡು ತಲೆ ಹಾವೆಂದು ಕರೆಯುವ ಮಣ್ಣುಮುಕ್ಕ, ಇವುಗಳನ್ನು ಹಿಡಿದು ಸಾಕುವುದು ಅಪರಾಧ. ಮನೆಯೊಳಗೆ ಬಂದ ಹಾವನ್ನು ಹಿಡಿಸಿ, ನಾಲ್ಕು ಜನಕ್ಕೆ ತೋರಿಸಲೆಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ದಿನಗಟ್ಟಲೆ ಇಡುವವರಿಗೂ ಇದೇ ಮಾತು. ಆ ಡಬ್ಬಿಯಲ್ಲಿ ಗಾಳಿಯೂ ಇಲ್ಲ, ಅಳತೆಯ ತೇವವೂ ಇಲ್ಲ. ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ.

ಪಟ್ಟಣದಲ್ಲಿ ನಿಮ್ಮ ಕೈಗೆ ಯಾರಾದರೂ ಹಾವಿನ ಪೆಟ್ಟಿಗೆ ಒಪ್ಪಿಸಿದರೆ, "ಮೀಟರ್ ಎಲ್ಲಿದೆ, ಎಷ್ಟಿರಬೇಕು?" ಎಂದು ಮೊದಲು ಕೇಳಿ. ಉತ್ತರ ಗೊತ್ತಿಲ್ಲದ ಮಾಲೀಕರಿಗೆ ಈ ಬರಹ ಕಳಿಸಿ. ಇನ್ನು ಹಾವು ತರಬೇಕೆಂಬ ಆಸೆ ನಿಮಗೇ ಇದ್ದರೆ, ಹಾವಿಗೆ ದುಡ್ಡು ಕೊಡುವ ಮೊದಲು ಖಾಲಿ ಪೆಟ್ಟಿಗೆಯನ್ನೇ ಒಂದು ತಿಂಗಳು ನಡೆಸಿ ನೋಡಿ. ದಿನವೂ ಬೆಳಗ್ಗೆ ಸಂಜೆ ತೇವಾಂಶ ಬರೆದಿಡಿ. ಹತ್ತನೇ ದಿನಕ್ಕೆ ಬರೆಯುವುದು ಮರೆತರೆ ಹಾವು ನಿಮ್ಮ ಮನೆಗೆ ಬರದಿರುವುದೇ ಅದಕ್ಕೂ ನಿಮಗೂ ಒಳ್ಳೆಯದು.