ಬೇರಂಗ ಕಾಗದವೂ ಪ್ರಜೆಯ ಅಹವಾಲೇ

ಟಿಕೀಟು ಹಚ್ಚದ ಕಾಗದವೊಂದು ಪ್ರಜಾಪ್ರತಿನಿಧಿಯ ಬಾಗಿಲಿಗೆ ಬಂದರೆ ಅವನು ಅದನ್ನು ಬಿಡಿಸಿಕೊಳ್ಳಬೇಕೆ, ಮರಳಿಸಬೇಕೆ? ಮೇಲುನೋಟಕ್ಕೆ ಇದು ನಾಲ್ಕು ಕಾಸಿನ ಪ್ರಶ್ನೆ. ಆದರೆ ಪ್ರಾತಿನಿಧ್ಯವೆಂದರೇನೆಂಬ ಹಿರಿಯ ಪ್ರಶ್ನೆಯು ಇದರ ಗರ್ಭದಲ್ಲಿರುವುದರಿಂದ ವಾಚಕರ ಮುಂದಿಡುತ್ತೇವೆ.

1898ರ ಅಂಚೆಯ ಕಾಯಿದೆಯು ತನ್ನ 11ನೆಯ ಕಲಮಿನಲ್ಲಿ ಇದಕ್ಕೆ ಕಟ್ಟಳೆ ಹಾಕಿತ್ತು. ಕಾಗದವನ್ನು ಸ್ವೀಕರಿಸಿದವನು ಬಾಕಿ ಹಾಸಲನ್ನು ತೆರಬೇಕು. ಅವನು ನಿರಾಕರಿಸಿದರೆ ಆ ಹೊರೆಯು ಕಳುಹಿಸಿದವನ ತಲೆಗೆ. ಪೀಡಿಸುವ ದುರ್ಬುದ್ಧಿಯಿಂದಲೇ ಕಳುಹಿಸಿದುದೆಂದು ಕಂಡುಬಂದರೆ ಟಪಾಲಿನ ಅಧಿಕಾರಿಯು ಹಾಸಲನ್ನು ಬಿಟ್ಟುಕೊಡಬಹುದಿತ್ತು. ಈಗ 2023ರ ಹೊಸ ಕಾಯಿದೆಯು ಅದರ ಸ್ಥಾನದಲ್ಲಿ ಬಂದಿದೆ; ಆದರೂ ಹಳೆಯ ಕಲಮಿನ ವಿವೇಕವು ಮರೆಯತಕ್ಕುದಲ್ಲ.

1840ರ ವರೆಗೆ ಇಂಗ್ಲಂಡದ ಪಾರ್ಲಿಮೆಂಟಿನ ಸದಸ್ಯರಿಗೆ ಬಿಟ್ಟಿ ಟಪಾಲಿನ ಹಕ್ಕಿತ್ತು. ಅವರ ಬಂಧುಮಿತ್ರರು ಅದನ್ನು ಮನಬಂದಂತೆ ಬಳಸಿದರು. ಏಕರೂಪದ ಪೆನ್ನಿ ದರವು ಬಂದೊಡನೆ ಆ ಹಕ್ಕು ತೊಲಗಿತು. ಕೆನಡಾ ದೇಶದಲ್ಲಾದರೋ ಇಂದಿಗೂ ಸಾಮಾನ್ಯ ಪ್ರಜೆಯು ಪಾರ್ಲಿಮೆಂಟಿನ ಸದಸ್ಯನಿಗೆ ಟಿಕೀಟಿಲ್ಲದೆ ಕಾಗದ ಬರೆಯಬಹುದು. ಮೊದಲನೆಯದು ದೊಡ್ಡವರ ಸವಲತ್ತಾಗಿ ಕೆಟ್ಟಿತು. ಎರಡನೆಯದು ಪ್ರಜೆಯ ಸೌಕರ್ಯವಾಗಿ ಉಳಿಯಿತು.

ಇದರ ಬೆಲೆಯನ್ನು ಕನ್ನಡಿಗರಿಗೆ ಬೇರೆಯವರು ಹೇಳಬೇಕಾಗಿಲ್ಲ. 1956ರ ನವಂಬರ 1ಕ್ಕಿಂತ ಮೊದಲು ಧಾರವಾಡದವನು ಮುಂಬಯಿಗೆ, ಮಂಗಳೂರಿನವನು ಮದರಾಸಿಗೆ, ರಾಯಚೂರಿನವನು ಹೈದರಾಬಾದಿಗೆ ತನ್ನ ದುಃಖವನ್ನು ಬರೆದು ಕಳುಹಬೇಕಾಗಿತ್ತು. 1854ರಲ್ಲಿ ಬಂದ, ದೂರವನ್ನೆಣಿಸದ ಅರ್ಧ ಆಣೆಯ ದರವೂ 1879ರಲ್ಲಿ ಬಂದ ಕಾಲಾಣೆಯ ಕಾರ್ಡೂ ಆ ದೂರವನ್ನು ಬಡವನಿಗೆ ಸಹ್ಯಮಾಡಿದವು. ಇಂದು ರಾಜಧಾನಿಯು ನಮ್ಮ ನಾಡಿನಲ್ಲಿಯೇ ಇದೆ. ಪ್ರಾಂತಗಳ ಗಡಿಯನ್ನು ಅಳಿಸಿದ ನಾವು ಪ್ರತಿನಿಧಿಯ ಹೊಸ್ತಿಲಲ್ಲಿ ಟಿಕೀಟಿನ ಗಡಿಯನ್ನು ಹಾಕಬೇಕೆ?

ಒಂದನ್ನು ಬಿಡಿಸಿಕೊಂಡರೆ ನಾಳೆ ನೂರು ಬರುವವೆಂದು ಕೆಲವರು ಆಕ್ಷೇಪಿಸಬಹುದು. ಮಾತು ಸುಳ್ಳಲ್ಲ; ಶಕ್ತಿಯುಳ್ಳವನು ಟಿಕೀಟು ಹಚ್ಚಲೇಬೇಕು. ಆದರೆ ಮರಳಿಸಿದ ಲಕೋಟೆಯಲ್ಲಿ ಏನಿತ್ತೆಂಬುದು ಪ್ರತಿನಿಧಿಗೆ ಎಂದೆಂದಿಗೂ ತಿಳಿಯದು. ಅದರೊಳಗೆ ಕುಚೇಷ್ಟೆಯಿರಬಹುದು, ಮಾಸಾಶನ ನಿಂತ ಮುದುಕಿಯೊಬ್ಬಳು ಪರರ ಕೈಯಿಂದ ಬರೆಯಿಸಿದ ಮೊರೆಯೂ ಇರಬಹುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಪ್ರತಿನಿಧಿಯು ಇಂತಹ ಕಾಗದವನ್ನು ಹಣ ತೆತ್ತು ಬಿಡಿಸಿಕೊಂಡು, ಉಳಿದವುಗಳಂತೆಯೇ ದಾಖಲೆಮಾಡಲಿ. ಉತ್ತರ ಬರೆಯುವಾಗ ಮುಂದೆ ಟಿಕೀಟು ಹಚ್ಚಬೇಕೆಂದು ವಿನಯದಿಂದ ತಿಳಿಸಲಿ. ಒಬ್ಬನೇ ಮತ್ತೆ ಮತ್ತೆ ಪೀಡಿಸಿದರೆ ಅವನ ಕಾಗದವನ್ನು ಮಾತ್ರ ನಿರಾಕರಿಸಲಿ. ಟಪಾಲು ಕೇಂದ್ರ ಸರಕಾರದ ವಿಷಯವಾದುದರಿಂದ, ಕೆನಡಾದ ಮೇಲ್ಪಂಕ್ತಿಯು ಇಲ್ಲಿಗೂ ಬರುವಂತೆ ನಮ್ಮ ಲೋಕಸಭಾ ಸದಸ್ಯರು ಯತ್ನಿಸಲಿ.

ಶಿಕ್ಷಕ ಬಂಧುಗಳಲ್ಲಿಯೂ ಒಂದು ವಿನಂತಿ. ವಿಳಾಸ ಬರೆಯುವ, ಟಿಕೀಟು ಹಚ್ಚುವ, ಅಹವಾಲನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಹೇಳುವ ಪಾಠವನ್ನು ಪ್ರತಿಯೊಂದು ಶಾಲೆಯಲ್ಲಿಯೂ ಕಲಿಸಿರಿ. ಮತ ಹಾಕುವುದು ಐದು ವರ್ಷಕ್ಕೊಮ್ಮೆ. ಕಾಗದ ಬರೆಯುವ ಹಕ್ಕು ದಿನದಿನದ್ದು.